ಕಾಪು ಕಡಲಿನಿಂದ ಕಾರ್ಕಳದ ಬೆಟ್ಟಕ್ಕೆ: ಬೈಕಿಗೆ ಬೇಕಾದದ್ದು ಏನು?

ಕಾಪು ಕಡಲತೀರದ ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭದ ಬಳಿ ಸಂಜೆಯ ಹೊತ್ತು ಜನರಿಗೆ ಕೊರತೆ ಇಲ್ಲ. ಭಾನುವಾರ ಬಂತೆಂದರೆ ಮರಳಿನ ಅಂಚಿನಲ್ಲಿ ಬೈಕುಗಳು ಸಾಲುಗಟ್ಟಿ ನಿಲ್ಲುತ್ತವೆ. ಅವುಗಳಲ್ಲಿ ಒಂದೆರಡು ಹೊರಟರೆ ಸಾಕು, ಅಲೆಗಳ ಮೊರೆತವೂ ಅಡಗಿಹೋಗುತ್ತದೆ. ಸೈಲೆನ್ಸರ್ ಬದಲಿಸಿದ ಬೈಕುಗಳು ಅವು. ಹಿರಿಯರು ಕಿವಿ ಮುಚ್ಚಿಕೊಳ್ಳುತ್ತಾರೆ. ಪಿಯುಸಿ ಓದುವ ಹುಡುಗರು ಕಣ್ಣರಳಿಸಿ ನೋಡುತ್ತಾರೆ. 'ನಮ್ಮ ಬೈಕಿಗೂ ಹೀಗೆ ಮಾಡಿಸಬಹುದಾ ಅಪ್ಪ?' ಎಂಬ ಪ್ರಶ್ನೆ ಆ ರಾತ್ರಿ ಎಷ್ಟೋ ಮನೆಗಳಲ್ಲಿ ಊಟದ ಹೊತ್ತಿಗೆ ಏಳುತ್ತದೆ.

ಈ ಪ್ರಶ್ನೆಗೆ ಗದರಿಕೆ ಉತ್ತರವಲ್ಲ. ಕಾಪುವಿನಿಂದ ಉಡುಪಿ, ಮಣಿಪಾಲ ದಾಟಿ ಕಾರ್ಕಳ ತಲುಪುವ ಸುಮಾರು 50 ಕಿಲೋಮೀಟರ್ ದಾರಿಯೇ ಒಳ್ಳೆಯ ಉತ್ತರ ಕೊಡಬಲ್ಲದು. ಉಪ್ಪುಗಾಳಿ, ಸಪಾಟು ಹೆದ್ದಾರಿ, ಪೇಟೆಯ ಸಂದಣಿ, ಏರು, ತಿರುವು ಎಲ್ಲವೂ ಈ ದಾರಿಯಲ್ಲಿವೆ.

ಉಪ್ಪುಗಾಳಿಯ ಪಾಠ

ಕಡಲ ದಂಡೆಯ ಗಾಳಿಯಲ್ಲಿ ಉಪ್ಪಿನ ಕಣಗಳಿವೆ. ಜೊತೆಗೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಚೈನು, ಕಡ್ಡಿ, ಕೇಬಲ್ಲುಗಳಿಗೆ ತುಕ್ಕು ಹಿಡಿಯಲು ಬೇರೇನೂ ಬೇಡ. 'ಪಿಕಪ್ ಇಲ್ಲ' ಎಂದು ಗ್ಯಾರೇಜಿಗೆ ಬರುವ ಬೈಕುಗಳಲ್ಲಿ ಹಲವಕ್ಕೆ ಶಕ್ತಿಯ ಕೊರತೆ ಇರುವುದಿಲ್ಲ, ಆರೈಕೆಯ ಕೊರತೆ ಇರುತ್ತದೆ. ಒಣಗಿದ ಚೈನು, ಧೂಳು ಕಟ್ಟಿದ ಏರ್ ಫಿಲ್ಟರ್, ಗಾಳಿ ಇಳಿದ ಟೈರು, ಸವೆದ ಪ್ಲಗ್, ಚಕ್ರವನ್ನು ಹಿಡಿದೇ ಇರುವ ಬ್ರೇಕು ಇವಿಷ್ಟು ಸೇರಿದರೆ ಎಂಜಿನ್ ದುಡಿದ ಶಕ್ತಿಯಲ್ಲಿ ಒಂದು ಪಾಲು ದಾರಿಯಲ್ಲೇ ಸೋರಿಹೋಗುತ್ತದೆ. ಇವನ್ನು ಸರಿಪಡಿಸುವುದೇ ಮೊದಲ ಸುಧಾರಣೆ. ಇದಕ್ಕೆ ಖರ್ಚು ಕಡಿಮೆ, ಯಾರ ಅನುಮತಿಯೂ ಬೇಕಿಲ್ಲ.

ಹೆದ್ದಾರಿಯ ಲೆಕ್ಕ

ಕಾಪುವಿನಿಂದ ಕಟಪಾಡಿ ಮಾರ್ಗವಾಗಿ ಉಡುಪಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66 ಸಪಾಟಾಗಿದೆ. ಆಕ್ಸಿಲೇಟರ್ ತಿರುಗಿಸುವ ಆಸೆ ಹುಟ್ಟುವುದು ಇಲ್ಲಿಯೇ. ವೇಗ ಹೆಚ್ಚಿದಂತೆ ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅದನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 100 ಕಿಲೋಮೀಟರ್ ಹೋಗಬಲ್ಲ 11 ಅಶ್ವಶಕ್ತಿಯ ಬೈಕು 110 ಕಿಲೋಮೀಟರ್ ಹೋಗಬೇಕಾದರೆ, ಗಾಳಿಯ ತಡೆಯೊಂದನ್ನೇ ಲೆಕ್ಕ ಹಿಡಿದರೂ, ಹೆಚ್ಚುಕಡಿಮೆ 14.6 ಅಶ್ವಶಕ್ತಿ ಬೇಕು. ಶೇಕಡಾ 10ರಷ್ಟು ವೇಗಕ್ಕೆ ಶೇಕಡಾ 33ರಷ್ಟು ಹೆಚ್ಚಿನ ಶಕ್ತಿ! ಬರೀ ಸೈಲೆನ್ಸರ್ ಬದಲಿಸಿ ಇಷ್ಟನ್ನು ಪಡೆಯುವುದು ಕನಸಿನ ಮಾತು.

ನಿಲ್ಲುವ ಲೆಕ್ಕ ಇನ್ನೂ ಕಠಿಣ. ಎದುರಿಗೆ ದನವೋ ಬಸ್ಸೋ ಅಡ್ಡ ಬಂತೆಂದುಕೊಳ್ಳಿ. ಸವಾರ ಎಚ್ಚೆತ್ತು ಬ್ರೇಕು ಹಿಡಿಯಲು ಒಂದು ಸೆಕೆಂಡು ಬೇಕು. ಒಣ ರಸ್ತೆಯಲ್ಲಿ, ಒಳ್ಳೆಯ ಬ್ರೇಕಿದ್ದರೆ, 60 ಕಿಲೋಮೀಟರ್ ವೇಗದಲ್ಲಿರುವ ಬೈಕು ಸುಮಾರು 40 ಮೀಟರಿನಲ್ಲಿ ನಿಲ್ಲುತ್ತದೆ. 80ರಲ್ಲಿದ್ದರೆ 63 ಮೀಟರ್ ಬೇಕು. ಜುಲೈ ತಿಂಗಳ ಮಳೆಯಲ್ಲಿ ಇದು ಇನ್ನಷ್ಟು ಉದ್ದವಾಗುತ್ತದೆ.

ರಥಬೀದಿಯೂ ಗ್ಯಾರೇಜೂ

ಉಡುಪಿಯ ರಥಬೀದಿಯಲ್ಲಿ ತೇರು ಎಳೆಯುವುದನ್ನು ನೋಡಿದವರಿಗೆ ಒಂದು ಸಂಗತಿ ಗೊತ್ತು. ಹಗ್ಗ ಹಿಡಿಯುವವರು ನೂರಾರು ಮಂದಿ. ಚಕ್ರದ ಬುಡಕ್ಕೆ ಮರದ ತುಂಡು ಕೊಟ್ಟು ತೇರನ್ನು ಹದದಲ್ಲಿಡುವವರು ಕೆಲವೇ ಮಂದಿ. ಆದರೆ ಅವರಿಲ್ಲದೆ ತೇರು ಹೊರಡುವುದಿಲ್ಲ. ಎಳೆಯುವ ಬಲ ಹೆಚ್ಚಿಸುವ ಮೊದಲು ತಡೆಯುವ ಬಲವನ್ನು ನೋಡಬೇಕು ಎಂಬ ಈ ವಿವೇಕ ಬೈಕಿಗೂ ಸಲ್ಲುತ್ತದೆ.

ಹಳೆಯ ಗ್ಯಾರೇಜುಗಳಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಮತ್ತು 1985ರಿಂದ 1996ರವರೆಗೆ ತಯಾರಾದ ಯಮಹಾ ಆರ್‌ಎಕ್ಸ್ 100 ಬೈಕುಗಳಿಗೆ ಇಂದಿಗೂ ಮರ್ಯಾದೆ ಇದೆ. ಆರ್‌ಎಕ್ಸ್ 100ರ ಎಂಜಿನ್ ಕೇವಲ 98 ಸಿಸಿ, ಶಕ್ತಿ 11 ಅಶ್ವಶಕ್ತಿ, ಬೈಕಿನ ತೂಕ ಸುಮಾರು 100 ಕಿಲೋ. ಬೈಕು ಹಗುರ, ಅದಕ್ಕೇ ಚುರುಕು. ಆದರೆ ಕಾರ್ಖಾನೆ ಕೊಟ್ಟದ್ದು ಎರಡೂ ಚಕ್ರಕ್ಕೆ ಡ್ರಮ್ ಬ್ರೇಕು. ಎಂಜಿನ್ ಕೊರೆಸಿ ಶಕ್ತಿ ಏರಿಸಿದ ಎಷ್ಟೋ ಬೈಕುಗಳಲ್ಲಿ ಬ್ರೇಕು ಮಾತ್ರ ಹಾಗೆಯೇ ಉಳಿದಿರುತ್ತದೆ.

ಸೈಲೆನ್ಸರಿನ ಒಳಗಿನ ಜಾಲರಿ ಕೊಳವೆ ತೆಗೆದರೆ ಬೈಕು ಓಡುತ್ತದೆ ಎಂಬ ನಂಬಿಕೆ ಇನ್ನೊಂದು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆಕೊಳವೆಯ ಕೆಲಸ ಸದ್ದು ಅಡಗಿಸುವುದಷ್ಟೇ ಅಲ್ಲ. ಕೊಳವೆಯ ತುದಿಯಿಂದ ಮರಳಿ ಬರುವ ಒತ್ತಡದ ಅಲೆಯು ಹೊರಗೆ ಜಾರುವ ಹೊಸ ಇಂಧನವನ್ನು ಸಿಲಿಂಡರಿಗೆ ವಾಪಸು ನೂಕುತ್ತದೆ. ಪೂರ್ವ ಜರ್ಮನಿಯ ಎಂಜೆಡ್ ಕಾರ್ಖಾನೆಯ ವಾಲ್ಟರ್ ಕಾಡೆನ್ ಇದನ್ನು ಅಳೆದು ಸುರಿದು ಪಳಗಿಸಿದ. 1961ರ ಹೊತ್ತಿಗೆ ಅವನ 125 ಸಿಸಿ ರೇಸ್ ಎಂಜಿನ್ 25 ಅಶ್ವಶಕ್ತಿ ಕೊಡುತ್ತಿತ್ತು. ಅದೇ ವರ್ಷ ಅವನ ತಂಡದ ಸವಾರ ಅರ್ನ್‌ಸ್ಟ್ ಡೆಗ್ನರ್ ದೇಶ ಬಿಟ್ಟು ಸುಜುಕಿ ಸೇರಿದಾಗ ಈ ವಿದ್ಯೆ ಜಪಾನಿಗೂ ಹೋಯಿತು. ಅಷ್ಟು ಸೂಕ್ಷ್ಮವಾಗಿ ಅಳೆದ ಕೊಳವೆಯನ್ನು ಗರಗಸದಿಂದ ಕೊಯ್ದರೆ ಸದ್ದು ಹೆಚ್ಚೀತು, ಶಕ್ತಿ ಕುಗ್ಗಲೂಬಹುದು.

ಹೊಸ ಬೈಕುಗಳ ಕಥೆ ಬೇರೆ. 2020ರ ಏಪ್ರಿಲ್‌ನಿಂದ ಬಿಎಸ್ 6 ನಿಯಮ ಬಂದ ಮೇಲೆ ಪೆಟ್ರೋಲಿನ ಅಳತೆಯನ್ನು ಪುಟ್ಟ ಕಂಪ್ಯೂಟರು ನೋಡಿಕೊಳ್ಳುತ್ತದೆ. ಹೊಗೆಕೊಳವೆಯಲ್ಲಿ ಆಮ್ಲಜನಕದ ಸೆನ್ಸರ್, ವಿಷಾನಿಲ ಶುದ್ಧಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಇವೆ. ಒಂದನ್ನು ಕಿತ್ತರೆ ಉಳಿದದ್ದರ ಹದ ತಪ್ಪುತ್ತದೆ. ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾದರೆ ಎಂಜಿನ್ ಅತಿಯಾಗಿ ಕಾಯುತ್ತದೆ.

ಮಣಿಪಾಲದ ಏರು

ಕಲ್ಸಂಕ, ಕಡಿಯಾಳಿ, ಇಂದ್ರಾಳಿ ದಾಟಿದರೆ ಮಣಿಪಾಲದ ಏರು. ಇಬ್ಬರು ಕುಳಿತ ಸಣ್ಣ ಬೈಕು ಇಲ್ಲಿ ಗಿಯರ್ ಇಳಿಸಲೇಬೇಕು. ಎಂಜಿನ್ ಮುಟ್ಟದೆ ಏರುವ ಬಲ ಹೆಚ್ಚಿಸುವ ಉಪಾಯವೊಂದಿದೆ. ಮುಂದಿನ ಚೈನ್ ಸ್ಪ್ರಾಕೆಟ್ಟಿಗೆ 15 ಹಲ್ಲುಗಳ ಬದಲು 14 ಹಲ್ಲುಗಳಿದ್ದರೆ ಹಿಂದಿನ ಚಕ್ರದ ಎಳೆತ ಶೇಕಡಾ 7ರಷ್ಟು ಹೆಚ್ಚುತ್ತದೆ. ಆದರೆ ಅದೇ ಎಂಜಿನ್ ವೇಗಕ್ಕೆ ಬೈಕಿನ ವೇಗ ಅಷ್ಟೇ ಇಳಿಯುತ್ತದೆ. ಒಂದು ಕೈಯಲ್ಲಿ ಕೊಟ್ಟದ್ದನ್ನು ಪ್ರಕೃತಿ ಇನ್ನೊಂದು ಕೈಯಲ್ಲಿ ಪಡೆಯುತ್ತದೆ.

1957ರಲ್ಲಿ ಆರಂಭವಾದ ಇಲ್ಲಿನ ತಾಂತ್ರಿಕ ವಿದ್ಯಾಲಯದಲ್ಲಿ 'ಫಾರ್ಮುಲಾ ಮಣಿಪಾಲ್' ಎಂಬ ವಿದ್ಯಾರ್ಥಿಗಳ ತಂಡವಿದೆ. ಇವರು ರೇಸ್ ಕಾರನ್ನು ತಾವೇ ರೂಪಿಸಿ, ಕಟ್ಟಿ, ಸ್ಪರ್ಧೆಗೆ ಒಯ್ಯುತ್ತಾರೆ. ಇಂತಹ ಸ್ಪರ್ಧೆಗಳಲ್ಲಿ ತಪಾಸಣೆ ಮತ್ತು ಬ್ರೇಕ್ ಪರೀಕ್ಷೆ ದಾಟದ ವಾಹನಕ್ಕೆ ಟ್ರ್ಯಾಕಿನಲ್ಲಿ ಓಡುವ ಅವಕಾಶವೇ ಇಲ್ಲ. ಯಂತ್ರ ಬದಲಿಸುವ ಹುಚ್ಚಿದ್ದವರಿಗೆ ಸರಿಯಾದ ದಾರಿ ಇದು: ಮೊದಲು ಲೆಕ್ಕ, ಆಮೇಲೆ ಸ್ಪಾನರ್; ಓಡಿಸುವುದು ಟ್ರ್ಯಾಕಿನಲ್ಲಿ, ರಸ್ತೆಯಲ್ಲಲ್ಲ.

ರಸ್ತೆಯ ಮಟ್ಟಿಗೆ ಕಾನೂನು ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಆಗಬಹುದು. ಹೆತ್ತವರು ಮರೆಯಬಾರದ ಮಾತು ಇನ್ನೊಂದಿದೆ. ಅಪ್ರಾಪ್ತ ವಯಸ್ಸಿನ ಮಗ ಬೈಕು ಓಡಿಸಿ ಅಪರಾಧ ಎಸಗಿದರೆ ಪೋಷಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ಆಗಬಹುದು.

ಬೆಟ್ಟದ ಮೇಲೆ

ಮಣಿಪಾಲದಿಂದ ಪರ್ಕಳ, ಹಿರಿಯಡ್ಕ, ಬೈಲೂರು ಹಾದು ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ತಿರುವುಗಳು ಹೆಚ್ಚು, ಹಸಿರು ಇನ್ನೂ ಹೆಚ್ಚು. ತಿರುವಿನಲ್ಲಿ ಕೆಲಸಕ್ಕೆ ಬರುವುದು ಅಶ್ವಶಕ್ತಿಯಲ್ಲ. ಟೈರಿನ ಹಿಡಿತ, ಬ್ರೇಕಿನ ಹದ, ಸವಾರನ ತಾಳ್ಮೆ. ಹಣ ಖರ್ಚು ಮಾಡುವುದಿದ್ದರೆ ಮೊದಲು ತಯಾರಕರು ಹೇಳಿದ ಅಳತೆಯ ಹೊಸ ಟೈರು, ಬ್ರೇಕ್ ಶೂ ಅಥವಾ ಪ್ಯಾಡ್, ಐಎಸ್ಐ ಮುದ್ರೆಯ ಹೆಲ್ಮೆಟ್ ಕೊಳ್ಳಬೇಕು.

ಕಾರ್ಕಳದ ಬಂಡೆಬೆಟ್ಟದ ಮೇಲೆ 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ ಸುಮಾರು 42 ಅಡಿ ಎತ್ತರದ ಗೊಮ್ಮಟನಿದ್ದಾನೆ. ಈ ಏಕಶಿಲಾ ಮೂರ್ತಿಯನ್ನು ಬೇರೆಡೆ ಕೆತ್ತಿ, ಬಂಡಿಗಳ ಮೇಲೇರಿಸಿ ಬೆಟ್ಟಕ್ಕೆ ಎಳೆದು ತಂದರು ಎಂಬ ಪ್ರತೀತಿ ಇದೆ. ಎಂಜಿನ್ನೇ ಇಲ್ಲದ ಕಾಲದಲ್ಲಿ ಅಷ್ಟು ಭಾರ ಮೇಲೆ ಬಂದದ್ದು ಅವಸರದಿಂದಂತೂ ಅಲ್ಲ.

ಗೊಮ್ಮಟನ ಪಾದದ ಬಳಿ ನಿಂತರೆ ಕಾರ್ಕಳ ಪೇಟೆ, 1586ರ ಚತುರ್ಮುಖ ಬಸದಿ, ಪೂರ್ವಕ್ಕೆ ಘಟ್ಟಗಳ ಸಾಲು ಕಾಣುತ್ತವೆ. ಕಾಪುವಿನಿಂದ ಇಲ್ಲಿಗೆ ಬರಲು ಯಾವ ಬೈಕಿಗೂ ಕಾರ್ಖಾನೆ ಕೊಟ್ಟದ್ದಕ್ಕಿಂತ ಹೆಚ್ಚಿನ ಶಕ್ತಿ ಬೇಕಿಲ್ಲ. ಮಗ ಮತ್ತೊಮ್ಮೆ ಕೇಳಿದರೆ ಹೆತ್ತವರು ಒಂದು ಭಾನುವಾರ ಅವನ ಜೊತೆ ಅಂಗಳದಲ್ಲಿ ಕುಳಿತು ಚೈನು ತೊಳೆದು ಎಣ್ಣೆ ಹಾಕಲಿ, ಬ್ರೇಕು ಬಿಗಿಮಾಡಲಿ. ಮಗನಿಗೆ ಲೈಸೆನ್ಸ್ ಇದ್ದರೆ ಅವನೇ ಸವಾರನಾಗಲಿ, ಅಪ್ಪ ಹಿಂದೆ ಕೂರಲಿ. ಬೆಟ್ಟದ ತನಕ ಒಮ್ಮೆ ಹೋಗಿಬರಲಿ. ಬೈಕು ಮೊದಲಿಗಿಂತ ಚೆನ್ನಾಗಿ ಓಡುತ್ತಿದೆ ಎಂಬುದು ದಾರಿಯಲ್ಲೇ ಇಬ್ಬರಿಗೂ ತಿಳಿಯುತ್ತದೆ.