ತಾಯಿ ಅಂದರೆ ಅಕ್ಕ

ನನ್ನ ಮಗಳು ಹಾಕಿದ ಮೊದಲ ಸಹಿ ಭಾರತ ಸರಕಾರದ ಒಂದು ಕಡತದಲ್ಲಿದೆ. ಆಗವಳಿಗೆ ಒಂಬತ್ತು ವರ್ಷ. ನ್ಯೂಜೆರ್ಸಿಯ ನಮ್ಮ ಮನೆಯ ಊಟದ ಮೇಜಿಗೆ ಕೂತು, ಹಳೆಯ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ನಾಲ್ಕಾರು ಸಲ ಬರೆದು ನೋಡಿ, ಆಮೇಲೆ ಉಸಿರು ಬಿಗಿಹಿಡಿದು ಪೆನ್ನಿನಲ್ಲಿ ಬರೆದಳು. ಪಕ್ಕದಲ್ಲಿ ಆರು ವರ್ಷದ ತಮ್ಮ ತನ್ನ ಸರದಿಗೆ ಕಾಯುತ್ತಿದ್ದ. ಅವನ ಹೆಸರು ಗೆರೆಯ ಮೇಲೆ ಹೊರಟು, ಏರುತ್ತ ಏರುತ್ತ ಕಾಗದದ ಅಂಚನ್ನೇ ಮುಟ್ಟಿತು. ಆ ಕಾಗದದ ಒಕ್ಕಣೆ ಇಷ್ಟೇ: ನಮ್ಮ ಮನೆಗೆ ತಂಗಿ ಬರುವುದಕ್ಕೆ ನಮ್ಮ ಒಪ್ಪಿಗೆ ಇದೆ.

ಮನೆಯಲ್ಲಿ ಐದು ವರ್ಷ ಮೀರಿದ ಮಕ್ಕಳಿದ್ದರೆ ಅವರ ಒಪ್ಪಿಗೆಯೂ ಬೇಕು ಎನ್ನುತ್ತದೆ ನಮ್ಮ ದತ್ತು ನಿಯಮ. ಪೊಲೀಸ್ ಪರಿಶೀಲನೆ, ಸಂಬಳದ ಚೀಟಿ, ರಕ್ತಪರೀಕ್ಷೆ, ಮನೆಗೆ ಬಂದು ನಮ್ಮ ಬದುಕನ್ನೆಲ್ಲ ಕೇಳಿ ಬರೆದುಕೊಂಡ ಸಮಾಜ ಕಾರ್ಯಕರ್ತೆಯ ವರದಿ, ಇವೆಲ್ಲದರ ನಡುವೆ ಆ ಒಂದು ಹಾಳೆಯೂ ಹೋಯಿತು. ನಾನು ತುಮಕೂರಿನಲ್ಲಿ ಮೂರನೆಯ ಮಗಳಾಗಿ ಹುಟ್ಟಿದವಳು. ನನ್ನ ಅಕ್ಕಂದಿರನ್ನು ಯಾರೂ ಏನೂ ಕೇಳಲಿಲ್ಲ. ಸೋದರಮಾವನ ಮನೆಗೆ ಕಳಿಸಿ, ನಾಲ್ಕು ದಿನ ಬಿಟ್ಟು ಕರೆತಂದು, ತೊಟ್ಟಿಲು ತೋರಿಸಿ, "ನೋಡ್ರೇ, ಪಾಪು" ಎಂದರಂತೆ. ನನ್ನ ಮಕ್ಕಳಿಗೆ ಮಾತ್ರ ಪ್ರಶ್ನೆ ಕೇಳಿ ಉತ್ತರ ಬರೆಸಿಕೊಂಡರು. ಆ ಹಾಳೆಯ ತೂಕವನ್ನು ನನಗಿಂತ ಮೊದಲು ತಿಳಿದವಳು ಮಗಳೇ. ಸಹಿ ಮಾಡಿದ ರಾತ್ರಿ ಮಲಗುವ ಹೊತ್ತಿಗೆ, "ಅಮ್ಮಾ, ಪಾಪೂನ ಯಾರಾದ್ರೂ ಕೇಳಿದ್ರಾ?" ಎಂದಳು. ಅಷ್ಟು ಚಿಕ್ಕ ಮಗುವಿಗೆ ಹೇಳಲು ಬರುವುದಿಲ್ಲ, ಅದಕ್ಕೇ ದೊಡ್ಡವರು ಅದರ ಪರವಾಗಿ ಯೋಚಿಸುತ್ತಾರೆ ಎಂದೆ. "ಹಾಗಾದ್ರೆ ಸರಿಯಾಗಿ ಯೋಚಿಸ್ಬೇಕು" ಎಂದು ಹೇಳಿ ಗೋಡೆಯ ಕಡೆ ಹೊರಳಿದಳು.

ಅಕ್ಕ ಇರುವ ಮನೆಗೆ ದತ್ತಕದಿಂದ ತಂಗಿ ಬರುವುದು ನಮ್ಮ ದೇಶದಲ್ಲಿ ಹಳೆಯ ಸಂಗತಿಯಲ್ಲ. ದತ್ತಕ ಎಂದರೆ ಒಂದು ಕಾಲಕ್ಕೆ ಗಂಡುಮಗು, ವಂಶ, ಪಿಂಡ, ಆಸ್ತಿ. ನಮ್ಮ ಅತ್ತೆ ಧಾರವಾಡದವರು. ಅವರಿಗೆ ದತ್ತಕ ಎಂದ ಕೂಡಲೇ ನೆನಪಾಗುವುದು ಕಿತ್ತೂರು. ಅಲ್ಲಿನ ದತ್ತುಪುತ್ರನನ್ನು ಕಂಪನಿ ಸರಕಾರ ಒಪ್ಪದೆ ಹೋಗಿ 1824ರಲ್ಲಿ ಯುದ್ಧವೇ ಆಯಿತಲ್ಲ. ಹೆಣ್ಣುಮಗುವನ್ನೂ ದತ್ತು ಪಡೆಯಬಹುದು ಎಂದು 1956ರ ಹಿಂದೂ ದತ್ತಕ ಕಾಯ್ದೆ ಹೇಳಿತು. ಆದರೆ ಹೆಣ್ಣುಮಗು ಇರುವವರು ಇನ್ನೊಂದು ಹೆಣ್ಣನ್ನು, ಗಂಡು ಇರುವವರು ಇನ್ನೊಂದು ಗಂಡನ್ನು ತರುವಂತಿಲ್ಲ ಎಂಬ ಅಡ್ಡಗೋಡೆಯನ್ನೂ ಇಟ್ಟಿತು. ಆ ಕಾಯ್ದೆಯ ಕೆಳಗೆ ನನ್ನ ಮಗಳು ದತ್ತಕದಿಂದ ಯಾರಿಗೂ ಅಕ್ಕನಾಗುವಂತಿರಲಿಲ್ಲ. ಮಕ್ಕಳ ರಕ್ಷಣೆಗೆಂದು 2000ದಲ್ಲಿ ಬಂದ ಬಾಲನ್ಯಾಯ ಕಾಯ್ದೆ ಆ ಗೋಡೆಯನ್ನು ಪಕ್ಕಕ್ಕಿಟ್ಟಿತು. ಮನೆಯಲ್ಲಿ ಎಷ್ಟು ಹೆಣ್ಣಿದ್ದರೂ ಇನ್ನೊಂದು ಹೆಣ್ಣುಮಗು ಬರಬಹುದು ಎಂದಿತು. ಇಂದು ಭಾರತದಲ್ಲಿ ದತ್ತಕ ಹೋಗುವ ಮಕ್ಕಳಲ್ಲಿ ಹುಡುಗಿಯರೇ ಹೆಚ್ಚು. ಅತ್ತೆಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿ, ಮಗು ಪುಣೆಯ ಶಿಶುಗೃಹದಲ್ಲಿದೆ ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಛಲೋ ಆತು. ನಾನೂ ಪುಣೆಕ್ಕ ಬರ್ತೀನಿ" ಎಂದರು.

2018ರ ನವೆಂಬರಿನಲ್ಲಿ ಹೊರಟೆವು. ನ್ಯಾಯಾಲಯದ ಆದೇಶ ಆಗಿತ್ತು, ಮಗುವಿನ ಪಾಸ್‌ಪೋರ್ಟ್ ಬಂದಿತ್ತು. ಮಕ್ಕಳನ್ನು ತಮ್ಮ ಮನೆಯಲ್ಲಿ ಬಿಟ್ಟುಹೋಗಿ ಎಂದು ಸ್ನೇಹಿತರು ಹೇಳಿದರು. ಮೂರು ವಾರ ಶಾಲೆ ತಪ್ಪುತ್ತದೆ, ಓಡಾಟದಲ್ಲಿ ಅವರಿಗೂ ಕಷ್ಟ, ನಿಮಗೂ ಕಷ್ಟ ಎಂದರು. ಮಾತು ಸರಿಯೇ ಇತ್ತು. ನಾವೂ ಒಂದು ವಾರ ಹಾಗೆಯೇ ಯೋಚಿಸಿದೆವು. ಆದರೆ ಸಹಿ ಮಾಡಿದವರನ್ನು ಬಿಟ್ಟುಹೋಗುವುದು ಹೇಗೆ? ಒಪ್ಪಿಗೆ ಕೊಟ್ಟವರು ಹೋಗಿ ಬರಮಾಡಿಕೊಳ್ಳಬೇಕು. ಮದುವೆಗೆ ದಿಬ್ಬಣ ಹೋಗುವುದಿಲ್ಲವೇ, ಹಾಗೆ.

ನ್ಯೂವಾರ್ಕಿನಿಂದ ಮುಂಬೈಗೆ ಹದಿನೈದು ಗಂಟೆ. ಮುಂಬೈಯಿಂದ ಪುಣೆಗೆ ಕಾರು. ಘಟ್ಟದ ಮೇಲೆ ಲೋನಾವಳಾದಲ್ಲಿ ನಿಲ್ಲಿಸಿ ಚಿಕ್ಕಿ ಕೊಂಡೆವು. ಹಲ್ಲು ಪೂರ್ತಿ ಬಂದಿರದ ಮಗುವಿಗೆ ಚಿಕ್ಕಿ ಯಾಕೋ ಎಂದರೆ ಮಗ ಕೇಳಲಿಲ್ಲ. ತಂಗಿಗೆ ಬರಿಗೈಯಲ್ಲಿ ಹೋಗಬಾರದು ಎಂದು ಹಟ ಹಿಡಿದ. ಅತ್ತೆ ಧಾರವಾಡದಿಂದ ರಾತ್ರಿ ರೈಲಿಗೆ ಬಂದು ನಮಗಿಂತ ಮೊದಲೇ ಪುಣೆಯಲ್ಲಿ ಕೂತಿದ್ದರು. ಅವರ ಚೀಲದಲ್ಲಿ ಹೊಸ ಕೌದಿ ಇತ್ತು. ಅವರ ಹಳೆಯ ಇಳಕಲ್ ಸೀರೆ, ನನ್ನ ಗಂಡ ಚಿಕ್ಕಂದಿನಲ್ಲಿ ಹಾಕಿದ ಅಂಗಿ, ಎರಡು ಖಣದ ತುಂಡು, ಎಲ್ಲ ಸೇರಿಸಿ ಹೊಲಿದದ್ದು. ಒಂದು ಮೂಲೆಯ ಹೊಲಿಗೆ ಮಾತ್ರ ಮುಗಿದಿರಲಿಲ್ಲ. ರೈಲಿನಲ್ಲಿ ಬೆಳಕು ಸಾಲಲಿಲ್ಲವಂತೆ.

ಶಿಶುಗೃಹದ ಕೋಣೆಯಲ್ಲಿ ನಾವು ಐದು ಜನ ಗೋಡೆಗೊರಗಿ ಕೂತೆವು. ಮಗುವನ್ನು ಎತ್ತಿಕೊಂಡು ಬಂದವಳು ಐವತ್ತರ ಆಸುಪಾಸಿನ ಆಯಾ. ಅಲ್ಲಿ ಎಲ್ಲರೂ ಅವಳನ್ನು 'ಮಾವಶಿ' ಎನ್ನುತ್ತಿದ್ದರು. ಮಾವಶಿ ಎಂದರೆ ಚಿಕ್ಕಮ್ಮ. ಹದಿನಾಲ್ಕು ತಿಂಗಳ ಮಗು ನನ್ನನ್ನು ನೋಡಿತು, ಮಾವಶಿಯ ಹೆಗಲಿಗೆ ಮುಖ ಒತ್ತಿತು. ನನ್ನ ಗಂಡ ಕೈ ಚಾಚಿದರೆ ಅಳು. ನಾನು ಎರಡು ವರ್ಷ ಕನಸು ಕಂಡ ಗಳಿಗೆ ಅದು. ಮಗು ನನ್ನ ಕಡೆ ಬೆನ್ನು ಮಾಡಿತ್ತು.

ಆಗ ಮಗ ಎದ್ದುಹೋಗಿ ಹೊರಗೆ ಬಿಟ್ಟಿದ್ದ ತನ್ನ ಬೂಟು ತಂದ. ಹಿಮ್ಮಡಿಯಲ್ಲಿ ಕೆಂಪು ದೀಪ ಮಿನುಗುವ ಬೂಟು ಅದು. ಒಳಗೆ ತರಬಾರದು ಎಂದು ನಾನು ಹೇಳುವಷ್ಟರಲ್ಲಿ ನೆಲಕ್ಕೆ ಕುಟ್ಟಿದ. ದೀಪ ಹತ್ತಿತು. ಹೆಗಲ ಮೇಲಿಂದ ಒಂದು ಕಣ್ಣು ಈಚೆ ತಿರುಗಿತು. ಅವನು ಮತ್ತೆ ಕುಟ್ಟಿದ. ಮಗು ಮಾವಶಿಯ ಮೈಯಿಂದ ಜಾರಿ ಇಳಿದು, ಅಂಬೆಗಾಲಿನಲ್ಲಿ ಬಂದು, ಪುಟ್ಟ ಅಂಗೈಯಿಂದ ಬೂಟಿನ ಹಿಮ್ಮಡಿಯನ್ನು ಒತ್ತಿತು. ದೀಪ ಹತ್ತಲಿಲ್ಲ. ಎರಡೂ ಕೈಯಿಂದ ಒತ್ತಿತು. ಮಗಳು ಮೆಲ್ಲನೆ ಆ ಕೈಗಳ ಮೇಲೆ ತನ್ನ ಕೈಯಿಟ್ಟು ತಾನೂ ಒತ್ತಿದಳು. ದೀಪ ಮಿನುಗಿತು. ಮಗು ತಲೆ ಎತ್ತಿ ಅವಳ ಮುಖ ನೋಡಿತು.

ಮಾವಶಿ ನಗುತ್ತ, "ಹೀ ತುಝೀ ತಾಈ" ಎಂದಳು. ಮಗು "ತಾಈ" ಎಂದಿತು.

ಮಗಳು ಗಾಬರಿಯಾಗಿ ನನ್ನ ಕಡೆ ತಿರುಗಿದಳು. "ಅಮ್ಮಾ, ನಾನು ತಾಯಿ ಅಲ್ಲ! ನೀನು ತಾಯಿ ಅಂತ ಅವರಿಗೆ ಹೇಳು." ಕಾಗದಪತ್ರದಲ್ಲೆಲ್ಲೋ ತಪ್ಪಾಗಿಬಿಟ್ಟಿದೆ ಎಂಬ ಭಯ ಅವಳಿಗೆ. ಮರಾಠಿ ಬಲ್ಲ ಅತ್ತೆ ಅವಳನ್ನು ಹತ್ತಿರ ಎಳೆದುಕೊಂಡು, "ತಾಯಿ ಅಲ್ಲ ಅವ್ವಿ, ತಾಈ. ಮರಾಠಿಯೊಳಗ ತಾಈ ಅಂದ್ರ ಅಕ್ಕ. ನಿನಗ ಅಕ್ಕ ಅಂತು ಅದು" ಎಂದರು. ಆ ಮಗುವಿನ ಬಾಯಿಂದ ನಮ್ಮ ಮನೆಯವರಿಗೆ ಸಿಕ್ಕ ಮೊದಲ ಹೆಸರು ಅದು. ಕನ್ನಡದ ಕಿವಿಗೆ ತಾಯಿ, ಮರಾಠಿಯ ನಾಲಗೆಗೆ ಅಕ್ಕ. ಮುಂದೆ ಎಷ್ಟೋ ಸಲ ಆ ಹುಡುಗಿ ಎರಡೂ ಆದಳು.

ಹೊರಡುವ ದಿನ ಮಾವಶಿ ಮಗುವಿನ ಹಣೆಗೆ ಕಾಡಿಗೆಯ ಬೊಟ್ಟಿಟ್ಟಳು. ತನ್ನ ಹಳೆಯ ಹತ್ತಿ ಸೀರೆಯಿಂದ ಹರಿದ ಒಂದು ತುಂಡನ್ನು ನನ್ನ ಕೈಗೆ ಕೊಟ್ಟಳು. ಮಗು ಅದನ್ನು ಹಿಡಿದೇ ನಿದ್ದೆ ಹೋಗುತ್ತದೆ, ಒಗೆಯಬೇಡಿ, ವಾಸನೆ ಹೋದರೆ ಮಲಗುವುದಿಲ್ಲ ಎಂದು ಅತ್ತೆಯ ಮೂಲಕ ಹೇಳಿಸಿದಳು. ಬಾಗಿಲ ತನಕ ನಗುತ್ತಲೇ ಬಂದಳು. ಕಾರಿನ ಬಾಗಿಲು ಹಾಕಿದ ಮೇಲೆ ಸೆರಗು ಬಾಯಿಗೆ ಹಿಡಿದು ನಿಂತಳು. ಹಿಂದಿನ ಗಾಜಿನಿಂದ ಅದನ್ನು ಕಂಡ ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು, "ಅಮ್ಮಾ, ನಾವು ಪಾಪೂನ ಅವರಿಂದ ಕಿತ್ಕೊಂಡು ಹೋಗ್ತಿದೀವಾ?"

ಈ ಪ್ರಶ್ನೆ ಅವಳೊಬ್ಬಳದೇ ಅಲ್ಲ. ನಮ್ಮ ಮಕ್ಕಳನ್ನು ವಿದೇಶಕ್ಕೆ ಕಳಿಸುವುದರಲ್ಲಿ ನಡೆಯುತ್ತಿದ್ದ ಅಕ್ರಮಗಳ ಬಗ್ಗೆ ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಕಾಗದ ಬರೆದರು. ಅದರ ಮೇಲೆ 1984ರಲ್ಲಿ ಬಂದ ತೀರ್ಪು ಕೇಳಿದ್ದೂ ಇದನ್ನೇ. ಮಗುವಿಗೆ ಮೊದಲು ತನ್ನ ನೆಲದಲ್ಲೇ ಮನೆ ಹುಡುಕಬೇಕು, ಅದು ಆಗದಿದ್ದರೆ ಮಾತ್ರ ಹೊರಗೆ ಎಂದಿತು. ಆಮೇಲೆ 1990ರಲ್ಲಿ ಕಾರಾ ಎಂಬ ಕೇಂದ್ರ ಸಂಸ್ಥೆ ಹುಟ್ಟಿತು. ದೇಶ ದೇಶಗಳ ನಡುವಿನ ದತ್ತಕಕ್ಕೆ 1993ರಲ್ಲಿ ಹೇಗ್ ಒಪ್ಪಂದವಾಯಿತು, ಭಾರತ 2003ರಲ್ಲಿ ಅದನ್ನು ಅನುಮೋದಿಸಿತು. ಮಗುವನ್ನು ಮಾರುವವರು, ಕದಿಯುವವರು, ಬಡ ತಾಯಿಯನ್ನು ಹೆದರಿಸಿ ಬರೆಸಿಕೊಳ್ಳುವವರು ಇದ್ದರು. ಅದಕ್ಕೇ ಇಷ್ಟು ಕಾಗದ, ಇಷ್ಟು ಮೊಹರು. ತಡವಾಗುತ್ತಿದೆ ಎಂದು ಎರಡು ವರ್ಷ ಆ ಮೊಹರುಗಳ ಮೇಲೆ ಸಿಟ್ಟಾದವಳು ನಾನು. ಮಗಳ ಪ್ರಶ್ನೆಯನ್ನು ಕೇಳಿದ ಮೇಲೆ ಆ ಸಿಟ್ಟು ಇಳಿಯಿತು. ಒಂದೊಂದು ಮೊಹರೂ ಅವಳ ಪ್ರಶ್ನೆಗೆ ಯಾರೋ ಕೂತು ಬರೆದ ಉತ್ತರದ ಒಂದು ಸಾಲು.

ಆದರೂ ಅವಳಿಗೆ ನಾನು ಹೇಳಿದ್ದು ಕಾನೂನಲ್ಲ. "ಕಿತ್ಕೊಂಡಿಲ್ಲ ಕಣೇ. ಅವರು ಕೊಟ್ಟಿದ್ದಾರೆ. ಕೊಟ್ಟಾಗಲೂ ನೋವಾಗತ್ತೆ" ಎಂದೆ. ತೊಡೆಯ ಮೇಲೆ ಆ ಸೀರೆಯ ತುಂಡು ಹಿಡಿದು ಮಲಗಿದ್ದ ಮಗುವನ್ನು ಅವಳು ಸುಮ್ಮನೆ ನೋಡುತ್ತ ಕೂತಳು. ಇಬ್ಬರು ದೊಡ್ಡ ಹೆಂಗಸರ ನಡುವೆ ಒಂದು ಮಗು ದಾಟಿ ಬಂದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ನ್ಯೂಜೆರ್ಸಿಯಲ್ಲಿ ಬಿಟ್ಟುಬಂದಿದ್ದರೆ, ತಂಗಿ ವಿಮಾನದಿಂದ ಇಳಿದುಬಂದ ಉಡುಗೊರೆ ಎಂದೇ ಅವಳು ತಿಳಿಯುತ್ತಿದ್ದಳು. ಆ ಮಗುವಿಗೆ ನಮಗಿಂತ ಹಿಂದೆಯೂ ಒಂದು ಬದುಕಿತ್ತು, ಒಂದು ಭಾಷೆಯಿತ್ತು, ಒಂದು ಹೆಗಲಿತ್ತು ಎಂದು ಅವಳಿಗೆ ಯಾರು ತೋರಿಸುತ್ತಿದ್ದರು?

ವೈದ್ಯಕೀಯ ತಪಾಸಣೆ, ವೀಸಾ ಎಂದು ಇನ್ನೂ ಹತ್ತು ದಿನ ಹಿಡಿಯಿತು. ಮೊದಲ ಎರಡು ರಾತ್ರಿ ಮಗು ಮಲಗಲಿಲ್ಲ. ಬಾಗಿಲ ಕಡೆ ನೋಡಿಕೊಂಡು ಅತ್ತಿತು. ನನ್ನನ್ನು ತಳ್ಳಿತು. ಮೂರನೆಯ ರಾತ್ರಿ ಅಕ್ಕನ ಹೊಟ್ಟೆಯ ಮೇಲೆ ಬೋರಲಾಗಿ ನಿದ್ದೆ ಹೋಯಿತು. ಅವಳು ಕಾಲು ಜೋಮು ಹಿಡಿದರೂ ಬೆಳಗಿನ ತನಕ ಅಲುಗಲಿಲ್ಲ. ಪಕ್ಕದ ಮಂಚದಲ್ಲಿ ಅತ್ತೆ ದೀಪ ಹಚ್ಚಿಕೊಂಡು, ಮಾವಶಿಯ ಸೀರೆಯ ತುಂಡಿನಲ್ಲಿ ಅರ್ಧ ಕತ್ತರಿಸಿ, ಕೌದಿಯ ಮುಗಿಯದ ಮೂಲೆಗೆ ಹಚ್ಚಿ ಹೊಲಿದರು. ಇನ್ನರ್ಧವನ್ನು ಒಗೆಯದೆ ಮಗುವಿನ ಕೈಗೆ ಬಿಟ್ಟರು.

ಮುಂಬೈ ವಿಮಾನ ನಿಲ್ದಾಣದಲ್ಲಿ ನನ್ನ ಗಂಡ ಪಾಸ್‌ಪೋರ್ಟುಗಳನ್ನು ಜೋಡಿಸಿಕೊಂಡರು. ಐದೂ ಕಡುನೀಲಿ. ನಾಲ್ಕರ ಮೇಲೆ ಹದ್ದು, ಒಂದರ ಮೇಲೆ ಸಿಂಹಗಳು. ನನ್ನ ಇಬ್ಬರು ಮಕ್ಕಳು ಈ ನೆಲಕ್ಕೆ ಪರದೇಶದವರಾಗಿ ಬಂದವರು, ಅವರನ್ನು ಅಕ್ಕ, ಅಣ್ಣ ಮಾಡಿದವಳು ಈ ದೇಶದವಳು. ಹೀಗೆ ದತ್ತಕವಾದ ಮಗು ವಲಸೆ ವೀಸಾದಲ್ಲಿ ಬಂದು ಅಮೆರಿಕದ ಇಮಿಗ್ರೇಷನ್ ದಾಟಿದ ಗಳಿಗೆಯಿಂದಲೇ ಅಲ್ಲಿನ ಪ್ರಜೆ. 2000ದಲ್ಲಿ ಬಂದ ಕಾನೂನು ಅದು. ನ್ಯೂವಾರ್ಕಿನಲ್ಲಿ ಅಧಿಕಾರಿ ಮೊಹರು ಒತ್ತಿದಾಗ ಅವಳು ಅಕ್ಕನ ತೋಳಿನಲ್ಲಿ ನಿದ್ದೆ ಮಾಡುತ್ತಿದ್ದಳು.

ಈಗವಳಿಗೆ ಎಂಟು ವರ್ಷ. ನಮ್ಮಂತೆಯೇ ಕನ್ನಡ ಆಡುತ್ತಾಳೆ. ಅಕ್ಕನನ್ನು ಮಾತ್ರ ಇವತ್ತಿಗೂ ತಾಈ ಎಂದೇ ಕರೆಯುತ್ತಾಳೆ. ತಾನು ಬಂದ ದಿನದ ಕಥೆಯನ್ನು ನನ್ನಿಂದ ನೂರು ಸಲ ಕೇಳಿದ್ದಾಳೆ. ನಾನು ಬೂಟಿನ ದೀಪ ಹೇಳುತ್ತಿದ್ದೆ, ಚಿಕ್ಕಿ ಹೇಳುತ್ತಿದ್ದೆ. ಆ ಎರಡು ರಾತ್ರಿಗಳನ್ನು ಬಿಟ್ಟುಬಿಡುತ್ತಿದ್ದೆ. ಮಗುವಿಗೆ ನೋವಾದೀತು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಹೋದ ಮಳೆಗಾಲದ ಒಂದು ಸಂಜೆ ಅಕ್ಕನೇ ಕಥೆ ಹೇಳುತ್ತಿದ್ದಳು. ಕೌದಿ ಹೊದ್ದು ಇಬ್ಬರೂ ಸೋಫಾದಲ್ಲಿ ಕೂತಿದ್ದರು. "ಎರಡು ರಾತ್ರಿ ಪೂರ್ತಿ ಅತ್ತೆ ಕಣೇ. ಅಮ್ಮನ ಹತ್ರ ಹೋಗ್ಲೇ ಇಲ್ಲ. ಬಾಗಿಲು ನೋಡ್ಕೊಂಡು ಮಾವಶಿ ಬೇಕು ಅಂತ ಅಳ್ತಿದ್ದೆ. ನಾನು ಅಲ್ಲೇ ಇದ್ದೆ."

ನಾನು ಅಡುಗೆಮನೆಯಲ್ಲಿ ನಿಂತಲ್ಲೇ ನಿಂತೆ. ಚಿಕ್ಕವಳು ಕೌದಿಯ ಮೂಲೆಯ ಬಿಳಿ ತುಂಡನ್ನು ಬೆರಳಲ್ಲಿ ಸವರುತ್ತ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಮುಖ ಅರಳಿಸಿ ಕೇಳಿದಳು:

"ಹಾಗಾದ್ರೆ ತಾಈ, ಅಲ್ಲಿನೂ ನನ್ನ ತುಂಬ ಮುದ್ದು ಮಾಡ್ತಿದ್ರು, ಅಲ್ವಾ?"

"ಹ್ಞೂಂ. ನಾನು ನೋಡಿದೀನಿ" ಎಂದಳು ಅಕ್ಕ.