ತುಬಚಿಯಲ್ಲಿ ಒಂದು ರಾತ್ರಿ

ಕಳೆದ ಮಾಘಮಾಸದಲ್ಲಿ ಜಮಖಂಡಿ ತಾಲೂಕಿನ ತುಬಚಿಗೆ ಹೋಗುವ ಪ್ರಸಂಗವೊದಗಿತು. ಕೃಷ್ಣೆಯ ಸೀಮೆ, ದಾರಿಯ ಇಕ್ಕೆಲಗಳಲ್ಲಿಯೂ ಕಬ್ಬು. ಇಳಿದುಕೊಂಡುದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ. ಮೂವತ್ತು ವರ್ಷಗಳ ಹಿಂದೆ ಇವನ ಕೈಯಿಂದ ಗಳಗನಾಥರ 'ಮಾಧವ ಕರುಣಾವಿಲಾಸ'ವನ್ನು ಕಸಿದುಕೊಂಡು, "ಕಟ್ಟುಕಥೆಯೇಕೆ? ಇತಿಹಾಸ ಓದು" ಎಂದು ಆಲೂರರ 'ಕರ್ನಾಟಕ ಗತವೈಭವ'ವನ್ನು (1917) ಕೊಟ್ಟವನು ನಾನು. ಕಾದಂಬರಿಯನ್ನು ಮರಳಿಸಲೇ ಇಲ್ಲ.

ಈಗ ಅವೆರಡೂ ಅವನ ಮಾಡದಲ್ಲಿ ಜೊತೆಗಿವೆ. "ಗುರುಗಳ, ಗತವೈಭವ ಓದಿದೆನ್ರಿ. ಆದರ ವಿಜಯನಗರದ ಹುಚ್ಚು ಹಿಡಿಸಿದ್ದು ಆ ಕಾದಂಬರಿನ" ಎಂದನು.

ನನಗೆ ಉತ್ತರ ಹೊಳೆಯಲಿಲ್ಲ. ಬಾಣಭಟ್ಟನು ಕಲ್ಪಿತವಾದ 'ಕಾದಂಬರಿ'ಯನ್ನೂ ಬರೆದನು, ರಾಜವೃತ್ತಾಂತವಾದ 'ಹರ್ಷಚರಿತ'ವನ್ನೂ ಬರೆದನು. ಕಥೆ, ಆಖ್ಯಾಯಿಕೆಗಳು ಹೆಸರಿನಿಂದ ಎರಡಾದರೂ ಜಾತಿಯೊಂದೇ ಎಂಬುದು ದಂಡಿಯ ಮತ. ಇದನ್ನು ವರ್ಷವರ್ಷವೂ ಪಾಠ ಹೇಳಿದವನು ನಾನೇ! ಇನ್ನು ನಿಜಚರಿತ್ರೆಯೆನಿಸಿದ 'ಹರ್ಷಚರಿತ'ದಲ್ಲಿ ಪುಲಕೇಶಿಯು ಹರ್ಷನನ್ನು ತಡೆದ ಸುದ್ದಿಯೇ ಇಲ್ಲ, ಅದಕ್ಕೆ ನಮ್ಮ ಜಿಲ್ಲೆಯ ಐಹೊಳೆಯ ಶಾಸನವನ್ನೇ (ಕ್ರಿ.ಶ. 634) ನೋಡಬೇಕು. ಇಂದಿಗೂ ನನ್ನ ಕೈ ಮೊದಲು ಹೋಗುವುದು ಶಾಸನಗಳ ಸಂಪುಟಕ್ಕೇ. ಅದು ಅವರವರ ರುಚಿ. ಹುಡುಗನ ರುಚಿಯನ್ನು ಕಸಿಯುವ ಅಧಿಕಾರ ನನಗೆಲ್ಲಿಯದು?

ಬೆಳಿಗ್ಗೆ ಹೊರಡುವಾಗ ಆ ಕಾದಂಬರಿಯನ್ನು ಕಡ ಬೇಡಿದೆನು. "ಈ ಸಲ ಮರಳಿ ಕೊಡಬೇಕ್ರಿ ಮತ್ತ" ಎಂದು ನಕ್ಕು ಕೈಗಿತ್ತನು.