ಹತ್ತನೇ ಚಹಾ, ಕುಣಿಯುವ ವಿಡಿಯೋ

ಜಿಲ್ಲೆಯಲ್ಲಿ ಸುದ್ದಿ ಮಾಡುವ ನಮ್ಮಂಥವರಿಗೆ ಊಟ ತಪ್ಪಬಹುದು, ಚಹಾ ತಪ್ಪುವುದಿಲ್ಲ. ತಹಶೀಲ್ದಾರ್ ಕಚೇರಿ ಮುಂದೆ ಒಂದು, ಠಾಣೆ ಎದುರು ಒಂದು, ಸಂತೆಯಲ್ಲಿ ರೈತರು ಕೂರಿಸಿ ಕುಡಿಸುವುದು ಎರಡು. ಬೇಡ ಅಂದರೆ ಅವರಿಗೂ ಬೇಸರ, ಮಾತೂ ಅಲ್ಲಿಗೇ ನಿಲ್ಲುತ್ತದೆ. ಮಧ್ಯಾಹ್ನ ಎರಡರ ಹೊತ್ತಿಗೆ ಹತ್ತು ಕಟ್ ಚಹಾ ಆಗಿರುತ್ತದೆ. ಆಮೇಲೆ ಮೊಬೈಲ್ ಎತ್ತಿ ಜೂಮ್ ಮಾಡಿದರೆ ಚಿತ್ರ ಕುಣಿಯುತ್ತದೆ. 'ಶೇಕ್ ಆಗಿದೆ' ಎಂದು ಡೆಸ್ಕಿನವರು ಬಿಟ್ಟರೆ ಅಂದಿನ ಪೆಟ್ರೋಲೂ ನಮ್ಮ ತಲೆಗೆ. ಸುದ್ದಿಗಿಷ್ಟು ಎಂದು ದುಡ್ಡು ಪಡೆಯುವವರು ನಾವು.

ಕೈ ಯಾರದ್ದಾದರೂ ಸ್ವಲ್ಪ ನಡುಗುತ್ತಲೇ ಇರುತ್ತದೆ, ಸೆಕೆಂಡಿಗೆ ಸುಮಾರು 8ರಿಂದ 12 ಸಲ. ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಚಹಾ, ಕಾಫಿಯಲ್ಲಿರುವ ಕೆಫೀನ್ ಮಿದುಳಿಗೆ ದಣಿವು ಗೊತ್ತಾಗದಂತೆ ತಡೆಯುತ್ತದೆ, ಅಡ್ರಿನಲಿನ್ ಏರಿಸುತ್ತದೆ. ಹೆಚ್ಚು ಕುಡಿದಾಗ ಆ ಸಣ್ಣ ನಡುಕ ಎದ್ದು ಕಾಣುತ್ತದೆ. ಕುಡಿದ ಒಂದು ಗಂಟೆಯೊಳಗೆ ಇದು ರಕ್ತದಲ್ಲಿ ಗರಿಷ್ಠಕ್ಕೆ ಏರುತ್ತದೆ, ಅದರಲ್ಲಿ ಅರ್ಧ ಇಳಿಯಲು ಸುಮಾರು 5 ಗಂಟೆ ಬೇಕು. ಅಂದರೆ ಹಿಂದಿನ ಚಹಾ ಇಳಿಯುವ ಮೊದಲೇ ಮುಂದಿನದು ಬಂದು ಕೂರುತ್ತದೆ.

2024ರಲ್ಲಿ ಐಸಿಎಂಆರ್ ಕೊಟ್ಟ ಸಲಹೆಯಲ್ಲಿ ದಿನದ ಮಿತಿ 300 ಮಿಲಿಗ್ರಾಂ. 150 ಮಿಲಿ ಚಹಾದಲ್ಲಿ 30ರಿಂದ 65, ಅಷ್ಟೇ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120. ಕಟ್ ಚಹಾ ಅದರ ಅರ್ಧ ಎಂದುಕೊಂಡರೂ, ಕಡಕ್ ಆದರೆ ಹತ್ತರಲ್ಲಿ ಮಿತಿ ದಾಟುತ್ತದೆ.

ಬೀದರಿನ ಬಿದ್ರಿ ಕೆಲಸದವರನ್ನು ನೋಡಿದರೆ ನಮ್ಮ ವಿಡಿಯೋ ಏನೂ ಅಲ್ಲ ಅನಿಸುತ್ತದೆ. ಸತು, ತಾಮ್ರದ ಎರಕದ ಮೇಲೆ ಉಳಿಯಲ್ಲಿ ಹೂಬಳ್ಳಿ ಕೊರೆದು, ಆ ಗೀರಿನೊಳಗೆ ಬೆಳ್ಳಿ ತಂತಿ ಕೂರಿಸಿ ಬಡಿಯಬೇಕು. ಕೋಟೆಯ ಮಣ್ಣು ಹಾಕಿ ಕಪ್ಪು ಮಾಡುವುದು ಕೊನೆಗೆ. ಉಳಿ ಜಾರಿದರೆ ಆ ಗೆರೆ ಹಾಳು. ಅವರೂ ಚಹಾ ಕುಡಿಯುವವರೇ. ದಿನಾ ಕುಡಿಯುವ ಮೈಗೆ ಅದು ಒಗ್ಗಿರುತ್ತದೆ, ಅಪರೂಪಕ್ಕೆ ಕುಡಿದವರ ಕೈಯೇ ಹೆಚ್ಚು ನಡುಗುವುದು. ಇದನ್ನು ಓದಿ ನಾಳೆಯಿಂದಲೇ ಪೂರ್ತಿ ಬಿಟ್ಟರೆ ತಲೆನೋವು ಬರಬಹುದು. ದಿನಕ್ಕೊಂದು ಕಡಿಮೆ ಮಾಡುತ್ತ ಬನ್ನಿ.

ಇನ್ನೊಂದು ಮಾತು, ಇದು ಮುಖ್ಯ. ಊರಲ್ಲಿ ಯಾರ ಕೈ ನಡುಗಿದರೂ 'ಚಹಾ ಜಾಸ್ತಿ ಆಯ್ತು' ಎಂದು ನಕ್ಕು ಬಿಡುತ್ತೇವೆ. ಸುಮ್ಮನೆ ತೊಡೆಯ ಮೇಲಿಟ್ಟ ಒಂದೇ ಕೈ ನಡುಗುತ್ತಿದ್ದರೆ ಅದು ಪಾರ್ಕಿನ್ಸನ್ ಇರಬಹುದು. ತೂಕ ಇಳಿದು, ಎದೆ ಬಡಿತ ಜೋರಾಗಿ ನಡುಗಿದರೆ ಥೈರಾಯ್ಡ್ ನೋಡಿಸಬೇಕು. ಉಬ್ಬಸದ ಸಾಲ್ಬುಟಮಾಲ್ ಪಂಪಿನಿಂದಲೂ ನಡುಕ ಬರುತ್ತದೆ. ಹಾಗೆಂದು ಪಂಪ್ ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ.

ನಾವೀಗ ಶೂಟಿಂಗ್ ಮುಗಿಸಿ ಚಹಾ ಕುಡಿಯುತ್ತೇವೆ. ಮೊದಲೇ ಕುಡಿಸಿದರೆ ಮೊಣಕೈ ಪಕ್ಕೆಗೆ ಒತ್ತಿ, ಬೆನ್ನು ಗೋಡೆಗೆ ಕೊಟ್ಟು ಮೊಬೈಲ್ ಹಿಡಿಯುತ್ತೇವೆ. ಜೂಮ್ ಮಾಡುವ ಬದಲು ಎರಡು ಹೆಜ್ಜೆ ಹತ್ತಿರ ಹೋಗುತ್ತೇವೆ.